ಶನಿವಾರ-ಭಾನುವಾರದ ಗಾಳ: ಹೊಳೆ, ಕೆರೆ, ಹಿನ್ನೀರು – ನಿಮಗೆ ಯಾವುದು ಸರಿ?

ಶಿವಮೊಗ್ಗದಲ್ಲಿ ಹೊಸದಾಗಿ ಗಾಳದ ಹುಚ್ಚು ಹತ್ತಿಸಿಕೊಂಡವರು ಮೊದಲು ಕೇಳುವುದು ಒಂದೇ ಪ್ರಶ್ನೆ. "ಎಲ್ಲಿ ಮೀನು ಜಾಸ್ತಿ ಮಾರಾಯ್ರೇ?" ನಾನು ಅದಕ್ಕೆ ಉತ್ತರ ಕೊಡುವುದಿಲ್ಲ, ತಿರುಗಿ ಕೇಳುತ್ತೇನೆ. ಬೆಳಗ್ಗೆ ಆರೂವರೆಗೆ ನೀವು ಎಲ್ಲಿರುತ್ತೀರಿ? ಸಂಜೆ ಆರಕ್ಕೆ ಎಲ್ಲಿರುತ್ತೀರಿ?

ಮೀನು ಇಡೀ ದಿನ ಕಚ್ಚುವುದಿಲ್ಲ. ಬೆಳಕು ಹರಿದಾಗಿನಿಂದ ಒಂಬತ್ತರ ತನಕ, ಆಮೇಲೆ ಬಿಸಿಲು ಇಳಿದ ಮೇಲೆ ಕತ್ತಲಾಗುವ ತನಕ. ಮಧ್ಯಾಹ್ನ ದಡದ ನೀರು ಕಾದು ಮೀನು ಆಳಕ್ಕೆ ಇಳಿಯುತ್ತದೆ. ಮೋಡ ಕವಿದ ದಿನ ಮಾತ್ರ ಈ ಲೆಕ್ಕ ಸ್ವಲ್ಪ ಸಡಿಲವಾಗುತ್ತದೆ. ಈಗ ನೋಡಿ, ಭಾನುವಾರ ಬೆಳಗ್ಗೆ ತಿಂಡಿ ತಿಂದು ಏಳೂವರೆಗೆ ಮನೆ ಬಿಟ್ಟು, ಸಾಗರ ದಾಟಿ ಶರಾವತಿ ಹಿನ್ನೀರಿಗೆ ಹೋದರೆ ಗಾಳ ನೀರಿಗೆ ಬೀಳುವಾಗ ಹತ್ತೂವರೆ. ಮೀನು ಅಷ್ಟರಲ್ಲಿ ತಿಂಡಿ ಮುಗಿಸಿರುತ್ತದೆ. ಸಂಜೆಯ ಹೊತ್ತಿಗೆ ನೀವು ವಾಪಸ್ ಹೊರಡುವ ಅವಸರದಲ್ಲಿರುತ್ತೀರಿ. ಹೋಗಿ ಬಂದಿದ್ದೇ ಬಂತು. ಜಾಗ ಕೆಟ್ಟದ್ದೇನಲ್ಲ, ಆದರೆ ನಿಮ್ಮ ರಜೆಗೆ ಅದು ಹೊಂದುವುದಿಲ್ಲ ಅಷ್ಟೆ.

ಹಾಗಾಗಿ ಈ ಹೋಲಿಕೆಯನ್ನು ಮೀನಿನ ಲೆಕ್ಕದಲ್ಲಿ ಮಾಡಿಲ್ಲ. ನಿಮ್ಮ ಕೈಯಲ್ಲಿ ಎಷ್ಟು ಹೊತ್ತಿದೆ, ಜೊತೆಗೆ ಯಾರಿದ್ದಾರೆ, ಈಗ ಯಾವ ತಿಂಗಳು ಅನ್ನುವುದರ ಮೇಲೆ ಮಾಡಿದ್ದೇನೆ.

ಅರ್ಧ ದಿನ ಸಿಕ್ಕರೆ: ತುಂಗೆ

ಊರಿಂದ ಹನ್ನೆರಡು ಕಿಲೋಮೀಟರ್ ಆಸುಪಾಸಿನಲ್ಲಿ ತುಂಗಾ ಅಣೆಕಟ್ಟು ಇರುವ ಗಾಜನೂರು. ಇನ್ನೊಂದು ದಿಕ್ಕಿಗೆ ಸುಮಾರು ಹದಿನಾರು ಕಿಲೋಮೀಟರ್ ಹೋದರೆ ತುಂಗೆ ಭದ್ರೆ ಸೇರುವ ಕೂಡ್ಲಿ. ಬೆಳಗ್ಗೆ ಐದೂವರೆಗೆ ಎದ್ದರೆ ಸೂರ್ಯ ಮೇಲೆ ಬರುವಷ್ಟರಲ್ಲಿ ಗಾಳ ನೀರಲ್ಲಿರುತ್ತದೆ. ಹತ್ತು ಗಂಟೆಗೆ ಮನೆಗೆ ಬಂದು ಸಂತೆಗೂ ಹೋಗಬಹುದು. ಹೆಂಡತಿ ಮಕ್ಕಳ ಜೊತೆ ಜಗಳವಿಲ್ಲದೆ ಗಾಳ ಹಾಕಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ತುಂಗಾ ಅಣೆಕಟ್ಟು ಸಣ್ಣದು. 3.24 ಟಿಎಂಸಿ ಅಷ್ಟೆ. ಮುಂಗಾರು ಶುರುವಾಗಿ ಘಟ್ಟದಲ್ಲಿ ಜೋರು ಮಳೆ ಹೊಯ್ದರೆ ಜಿಲ್ಲೆಯಲ್ಲಿ ಮೊದಲು ತುಂಬುವುದು ಇದೇ. ತುಂಬಿದ ಕೂಡಲೇ ಗೇಟು ಎತ್ತುತ್ತಾರೆ. ಅದಕ್ಕೇ ಮಳೆಗಾಲದಲ್ಲಿ ಅಣೆಕಟ್ಟಿನ ಕೆಳಗೆ ಬಂಡೆ ಮೇಲೆ ಕೂತು ಗಾಳ ಹಾಕುವವರನ್ನು ಕಂಡರೆ ನನಗೆ ಎದೆ ಹೊಡೆದುಕೊಳ್ಳುತ್ತದೆ. ಊರಲ್ಲಿ ಬಿಸಿಲಿರಬಹುದು, ಆಗುಂಬೆ ಶೃಂಗೇರಿ ಕಡೆ ಮಳೆ ಸುರಿಯುತ್ತಿರಬಹುದು. ನೀರು ಏರುವುದಕ್ಕೆ ನಿಮ್ಮ ತಲೆ ಮೇಲೆ ಮೋಡ ಬೇಕಾಗಿಲ್ಲ.

ಇನ್ನು ಗಾಜನೂರಿನ ಹಿನ್ನೀರು. ನೋಡಲು ಆಸೆಯಾಗುತ್ತದೆ, ನಿಜ. ಆದರೆ ಆನೆ ಬಿಡಾರದ ಸಕ್ರೆಬೈಲು, ಮಂಡಗದ್ದೆ ಕಡೆಯ ಕಾಡು ಶೆಟ್ಟಿಹಳ್ಳಿ ಅಭಯಾರಣ್ಯ. ಅಲ್ಲಿ ಗಾಳ ಹಿಡಿದು ಒಳಗೆ ನುಗ್ಗುವುದು ಕಾನೂನಿಗೂ ಸರಿಯಲ್ಲ, ಆನೆಗೂ ಸರಿ ಕಾಣುವುದಿಲ್ಲ. ಮಂಡಗದ್ದೆಯ ನಡುಗಡ್ಡೆಯಲ್ಲಿ ಮಳೆಗಾಲದಿಂದ ಹಕ್ಕಿಗಳು ಗೂಡು ಕಟ್ಟುತ್ತವೆ. ಅಲ್ಲಿ ನೀರಿಗೆ ದಾರ ಎಸೆಯಲೇಬೇಡಿ. ಹರಿದ ತಂಗೂಸಿ ದಾರ ಮುಳ್ಳಿಗೆ ಸಿಕ್ಕಿ ನೇತಾಡುತ್ತಿದ್ದರೆ ಹಕ್ಕಿಯ ಕಾಲಿಗೆ ಅದೇ ಉರುಳು.

ಕೂಡ್ಲಿಯ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಅಲ್ಲಿಗೆ ಬರುವ ಎರಡು ಹೊಳೆಗಳೂ ಒಂದೊಂದು ಪೇಟೆ ದಾಟಿ, ಅದರ ಕೊಳೆ ಹೊತ್ತು ಬಂದಿರುತ್ತವೆ. ತುಂಗೆ ಶಿವಮೊಗ್ಗವನ್ನು, ಭದ್ರೆ ಭದ್ರಾವತಿಯನ್ನು. ಸಂಗಮದ ಮೆಟ್ಟಿಲ ಹತ್ತಿರ ಗಾಳ ಹಾಕುವುದು ಭಕ್ತರಿಗೂ ಬೇಸರ. ಸ್ವಲ್ಪ ದೂರ ಹೋಗಿ, ಜಿಲೇಬಿ ಮೀನು (ಟಿಲಾಪಿಯಾ) ಕಚ್ಚಿದರೆ ಬಿಡಿಸಿ ವಾಪಸ್ ಬಿಡಿ. ಸಾರಿಗೆ ಮೀನು ಬೇಕೆಂದರೆ ಮಾತ್ರ ಪೇಟೆಯ ಮೇಲ್ಗಡೆ, ತೀರ್ಥಹಳ್ಳಿ ದಾರಿಯಲ್ಲಿ ಕಾಡು ದಾಟಿದ ಮೇಲೆ ಸಿಗುವ ಹಳ್ಳಿಗಳ ಕಡೆ ಹೋಗಿ. ಅಲ್ಲಿ ತೋಟದವರನ್ನು ಕೇಳಿ ಹೊಳೆಗೆ ಇಳಿಯಿರಿ. ಗಿರ್ಲು, ಹಾವುಮೀನು, ಗೆಂಡೆ, ಅದೃಷ್ಟ ಇದ್ದರೆ ಬಾಳೆ ಮೀನು. ಬೇಟೆ ದೊಡ್ಡದಲ್ಲ. ಆದರೆ ಹರಿಯುವ ನೀರಲ್ಲಿ ದಾರಕ್ಕೆ ಕಟ್ಟಿದ ಬೆಂಡು ತೇಲಿ ಹೋಗುವುದನ್ನು ನೋಡುವುದೇ ಒಂದು ಪಾಠ.

ಒಂದು ಪೂರ್ತಿ ದಿನ ಇದ್ದರೆ: ಕೆರೆ

ನನ್ನನ್ನು ಕೇಳಿದರೆ ಹೆಚ್ಚಿನವರಿಗೆ ಸರಿಯಾದ ಆಯ್ಕೆ ಇದೇ. ಆದರೆ ಇದನ್ನು ಯಾರೂ ಮೊದಲು ಆರಿಸುವುದಿಲ್ಲ. ಫೋಟೊದಲ್ಲಿ ಕೆರೆ ಅಷ್ಟು ಚೆಂದ ಬರುವುದಿಲ್ಲ ಅಲ್ವಾ? ಹಿಂದೆ ಗುಡ್ಡ ಇಲ್ಲ, ಮಂಜಿಲ್ಲ. ಏರಿ ಮೇಲೆ ಎಮ್ಮೆ, ಪಕ್ಕದಲ್ಲಿ ಬಟ್ಟೆ ಒಗೆಯುವವರು.

ಶಿಕಾರಿಪುರ, ಸೊರಬ ಕಡೆ ಹೋದರೆ ಊರಿಗೊಂದಲ್ಲ, ಊರಿಗೆ ಎರಡು ಮೂರು ಕೆರೆ. ಇವುಗಳಲ್ಲಿ ಹೆಚ್ಚಿನವು ಮೀನಿಗೆ ಗುತ್ತಿಗೆ ಹೋಗಿರುತ್ತವೆ. ಮೀನುಗಾರರ ಸಹಕಾರ ಸಂಘವೋ ಒಬ್ಬ ಗುತ್ತಿಗೆದಾರನೋ ದುಡ್ಡು ಕಟ್ಟಿ ಮರಿ ಬಿಟ್ಟಿರುತ್ತಾರೆ. ಅಂದರೆ ಆ ಮೀನು ಅವರದ್ದು. ಕೇಳದೆ ಗಾಳ ಹಾಕಿದರೆ ಕಾವಲಿನವನು ಬಂದು "ಏನ್ ಸ್ವಾಮಿ, ನಿಮ್ಮ ತೋಟದ ಅಡಿಕೆ ನಾನು ಕೊಯ್ಕೊಂಡ್ ಹೋಗ್ಲಾ?" ಅಂತ ಕೇಳುತ್ತಾನೆ. ಅದಕ್ಕೆ ಉತ್ತರ ಇರುವುದಿಲ್ಲ. ಮೊದಲೇ ಹೋಗಿ ಮಾತಾಡಿದರೆ ಕೆಲಸ ಸುಲಭ. "ಹಿಡಿದಿದ್ದಕ್ಕೆ ಕೆಜಿ ಲೆಕ್ಕದಲ್ಲಿ ಕೊಡ್ತೀನಿ" ಅಂದರೆ ಬಹಳ ಜನ ಒಪ್ಪುತ್ತಾರೆ. ಕೆಲವರು ಜಿಲೇಬಿಯನ್ನು ಸುಮ್ನೆ ತಗೊಂಡು ಹೋಗಿ ಅನ್ನುತ್ತಾರೆ. ಸಾಕಿದ ಮೀನಿನ ಮೇವನ್ನು ಅದು ತಿಂದು ಹಾಕುತ್ತದೆ ಅಂತ ಅವರಿಗೆ ಅದರ ಮೇಲೆ ಸಿಟ್ಟು.

ಕೆರೆಯಲ್ಲಿ ಕಲಿಯುವುದು ಸುಲಭ ಏಕೆಂದರೆ ಅಲ್ಲಿ ಯಾವ ಮೀನಿದೆ ಅಂತ ಗೊತ್ತಿರುತ್ತದೆ. ಬಿಟ್ಟಿರುವುದು ಸಾಮಾನ್ಯವಾಗಿ ಕಾಟ್ಲಾ, ರೋಹು, ಮೃಗಾಲ್. ಈ ಮೂರನ್ನು ಒಟ್ಟಿಗೆ ಸಾಕುವುದಕ್ಕೆ ಕಾರಣವಿದೆ. ಕಾಟ್ಲಾ ಮೇಲಿನ ನೀರಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಒಂದರ ಊಟಕ್ಕೆ ಇನ್ನೊಂದು ಬರುವುದಿಲ್ಲ. ನಿಮಗೆ ಇದರಿಂದ ಏನು ಲಾಭ ಅಂದರೆ, ಬೆಂಡಿನಿಂದ ಗಾಳಕ್ಕೆ ಎಷ್ಟು ಉದ್ದ ದಾರ ಬಿಡಬೇಕು ಅನ್ನುವುದು ಇಲ್ಲೇ ತೀರ್ಮಾನವಾಗುತ್ತದೆ. ತಳಕ್ಕೆ ತಾಗಿಸಿ ಕೂತು ಕಾಟ್ಲಾಗೆ ಕಾಯುವುದು ವ್ಯರ್ಥ.

ಹಿಟ್ಟಿನ ವಿಷಯ. ಕಡಲೆಕಾಯಿ ಹಿಂಡಿಯನ್ನು ಕುಟ್ಟಿ ಜರಡಿ ಹಿಡಿಯಿರಿ. ಅದಕ್ಕೆ ಮೈದಾ, ಸ್ವಲ್ಪ ಹುರಿಗಡಲೆ ಪುಡಿ, ಕಪ್ಪಾದ ಬಾಳೆಹಣ್ಣು ಅರ್ಧ. ನೀರು ಜಾಸ್ತಿ ಆಗಬಾರದು. ಕಡೆಗೆ ಚೂರು ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸಿ ನಾದಿಕೊಳ್ಳಿ. ಹತ್ತಿ ಇಲ್ಲದಿದ್ದರೆ ಉಂಡೆ ನೀರಿಗೆ ಬಿದ್ದ ಕೂಡಲೇ ಕರಗಿ ಹೋಗುತ್ತದೆ, ನೀವು ಬರೀ ಕಬ್ಬಿಣ ಇಳಿಬಿಟ್ಟುಕೊಂಡು ಕೂತಿರುತ್ತೀರಿ. ಉಂಡೆ ಗೋಲಿ ಗಾತ್ರ ಸಾಕು. ಕೂರುವ ಮೊದಲು ಅದೇ ಹಿಂಡಿಯ ನಾಲ್ಕು ಮುಷ್ಟಿ ಒದ್ದೆ ಮಾಡಿ ಒಂದೇ ಜಾಗಕ್ಕೆ ಎಸೆಯಿರಿ. ಅರ್ಧ ಗಂಟೆ ಸುಮ್ಮನಿರಿ. ಗುಳ್ಳೆ ಏಳಲು ಶುರುವಾದರೆ ಗೆಂಡೆ ಬಂದು ತಳ ಕೆದಕುತ್ತಿದೆ ಅಂತ ಅರ್ಥ.

ಬೆಂಡು ಓದುವುದನ್ನು ಕೆರೆಯಲ್ಲೇ ಕಲಿಯಬೇಕು. ಜಿಲೇಬಿ ಬಂದರೆ ಬೆಂಡು ಟಕ ಟಕ ಕುಣಿಯುತ್ತದೆ, ನಿಲ್ಲುತ್ತದೆ, ಮತ್ತೆ ಕುಣಿಯುತ್ತದೆ. ಆಗ ಎಳೆದರೆ ಬರೀ ಗಾಳ ಬರುತ್ತದೆ. ರೋಹು ಹಾಗಲ್ಲ. ಬೆಂಡು ಒಂದು ಸಲ ಅಲುಗಿ, ಓರೆಯಾಗಿ ನಿಧಾನಕ್ಕೆ ಒಳಗೆ ಜಾರುತ್ತದೆ. ಅದೇ ಕ್ಷಣ. ಗೆಂಡೆ ಕೆಲವೊಮ್ಮೆ ಹಿಟ್ಟನ್ನು ತಳದಿಂದ ಎತ್ತಿದಾಗ ಸೀಸದ ಭಾರ ತಪ್ಪಿ ಬೆಂಡು ಮುಳುಗುವ ಬದಲು ಮೇಲೆದ್ದು ಅಡ್ಡ ಮಲಗುತ್ತದೆ. ಹೊಸಬರು ಗಾಳಿ ಅಂದುಕೊಂಡು ಸುಮ್ಮನಿರುತ್ತಾರೆ. ಬೆಂಡು ಒಂದೇ ಸಮ ಪಕ್ಕಕ್ಕೆ ಸರಿಯುತ್ತ ಹೋದರೆ ಏಡಿ. ಎತ್ತಿ ನೋಡಿ, ಹಿಟ್ಟು ಇರುವುದಿಲ್ಲ, ಕೆಲವು ಸಲ ದಾರವೂ ಇರುವುದಿಲ್ಲ.

ಕೆರೆಯ ಅಂಚಿನ ಜೊಂಡು, ತಾವರೆ ಎಲೆ ಇರುವಲ್ಲಿ ಕೊರವ (ಮರಲ್ ಮೀನು) ಇರುತ್ತದೆ. ಅದು ಆಗಾಗ ಮೇಲೆ ಬಂದು ಗಾಳಿ ಕುಡಿಯುವ ಮೀನು. ಆ ಬುಳಕ್ ಶಬ್ದ ಕೇಳಿದರೆ ಜಾಗ ಗೊತ್ತಾಯಿತು. ರಬ್ಬರ್ ಕಪ್ಪೆ ಕಟ್ಟಿ ಎಲೆಗಳ ಮೇಲೆ ಎಳೆಯುತ್ತ ಬಂದರೆ ಹೊಡೆಯುತ್ತದೆ. ಒಂದು ಮಾತ್ರ ನೆನಪಿಡಿ. ನೀರಿನ ಮೇಲೆ ಕೆಂಪಗೆ ಮರಿಗಳ ಗುಂಪು ಮುದ್ದೆಯಾಗಿ ತಿರುಗುತ್ತಿದ್ದರೆ ಅದರ ಕೆಳಗೆ ತಾಯಿ-ತಂದೆ ಕಾವಲಿರುತ್ತವೆ. ಏನು ಹಾಕಿದರೂ ಸಿಟ್ಟಿಗೆ ಬಂದು ಕಚ್ಚುತ್ತವೆ. ಆ ದಿನ ಅಲ್ಲಿ ಗಾಳ ಹಾಕುವವನು ಶಿಕಾರಿ ಅಲ್ಲ. ದೊಡ್ಡದನ್ನು ಎತ್ತಿದ ಅರ್ಧ ಗಂಟೆಯಲ್ಲಿ ಮರಿಗಳನ್ನು ಬೇರೆ ಮೀನು ನುಂಗಿ ಮುಗಿಸಿರುತ್ತವೆ.

ರಾತ್ರಿ ಉಳಿಯುವುದಾದರೆ ಮಾತ್ರ: ಶರಾವತಿ ಹಿನ್ನೀರು

ಗಾಜನೂರಿನ 3.24 ಟಿಎಂಸಿಯ ಪಕ್ಕದಲ್ಲಿ ಶರಾವತಿಗೆ ಕಟ್ಟಿದ ಲಿಂಗನಮಕ್ಕಿಯ 151.75 ಟಿಎಂಸಿಯನ್ನು ಇಟ್ಟು ನೋಡಿ. 1964ರಲ್ಲಿ ಈ ಅಣೆಕಟ್ಟು ಆದ ಮೇಲೆ ಸಾಗರ, ಹೊಸನಗರ ತಾಲೂಕಿನ ಎಷ್ಟೋ ಊರು, ಗದ್ದೆ, ಕಾಡು ಒಳಗೆ ಹೋಯಿತು. ಹಳೆಯ ಹಿರೇಭಾಸ್ಕರ ಅಣೆಕಟ್ಟೂ ಅದರೊಳಗೇ ಮುಳುಗಿದೆ. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ತಲೆ ಎತ್ತುತ್ತದೆ.

ಗಾಳದವರಿಗೆ ಇದರ ಅರ್ಥ ಬೇರೆ. ಇಲ್ಲಿ ದಡ ಅನ್ನುವುದು ಒಂದು ಕಡೆ ನಿಲ್ಲುವುದಿಲ್ಲ. ಪೂರ್ಣ ಮಟ್ಟ 1819 ಅಡಿ. ಮಳೆ ಚೆನ್ನಾದ ವರ್ಷ ಮಳೆಗಾಲ ಮುಗಿಯುವಾಗ ನೀರು ಮರಗಳ ಬುಡಕ್ಕೆ ಬಂದಿರುತ್ತದೆ. ಆಮೇಲೆ ವಿದ್ಯುತ್ತಿಗೆ ಬಿಡುತ್ತ ಬಿಡುತ್ತ ಮೇ ತನಕ ಇಳಿಯುತ್ತಲೇ ಇರುತ್ತದೆ. ನವೆಂಬರಿನಲ್ಲಿ ಗೆಳೆಯ ತೋರಿಸಿದ ಜಾಗಕ್ಕೆ ಮಾರ್ಚಿನಲ್ಲಿ ಹೋದರೆ ನೀರು ಕಾಣಲು ಇನ್ನೂ ಅರ್ಧ ಕಿಲೋಮೀಟರ್ ನಡೆಯಬೇಕಾಗಬಹುದು. ಅದೂ ಮೇಲೆ ಒಣಗಿ ಬಿರುಕು ಬಿಟ್ಟ, ಒಳಗೆ ಮೊಣಕಾಲ ತನಕ ಕೆಸರಿರುವ ನೆಲದಲ್ಲಿ. ಮುಂದೆ ಒಂದು ಕೋಲು ಊರಿ ನೋಡದೆ ಹೆಜ್ಜೆ ಇಡಬೇಡಿ. ಮುಳುಗಿದ ಕಾಡಿನ ಬೊಡ್ಡೆಗಳು ಬೇರೆ. ಮೀನಿಗೆ ಅವು ಮನೆ, ನಿಮ್ಮ ದಾರಕ್ಕೆ ಯಮ. ತೆಳು ದಾರ ತಂದವರು ಸಂಜೆಯೊಳಗೆ ಗಾಳದ ಪೊಟ್ಟಣ ಖಾಲಿ ಮಾಡಿಕೊಳ್ಳುತ್ತಾರೆ.

ಆದರೂ ಯಾಕೆ ಹೋಗುತ್ತಾರೆ? ರಾತ್ರಿಗೆ. ತುಮರಿ, ಹೊಸನಗರ, ತಾಳಗುಪ್ಪದ ಕಡೆ ನೀರಿನ ಹತ್ತಿರ ಹೋಂಸ್ಟೇಗಳಿವೆ. ಶನಿವಾರ ಮಧ್ಯಾಹ್ನ ಹೊರಟು ಸಂಜೆಯ ಹೊತ್ತು, ಭಾನುವಾರದ ಬೆಳಗಿನ ಹೊತ್ತು ಎರಡೂ ಸಿಗುವಂತೆ ಮಾಡಿಕೊಂಡರೆ ಈ ದೂರಕ್ಕೆ ಬೆಲೆ ಬರುತ್ತದೆ. ಮೊದಲು ತುಮರಿ ಕಡೆಗೆ ಹೋದವರಿಗೆ ಹಿನ್ನೀರು ದಾಟಿಸುವ ಸಂಜೆಯ ಕೊನೆಯ ಲಾಂಚ್ ಚಿಂತೆ ಇತ್ತು. ಮೀನು ಕಚ್ಚಲು ಶುರುವಾಗುವ ಹೊತ್ತಿಗೇ ಸಾಮಾನು ಕಟ್ಟಬೇಕಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಆ ತಾಪತ್ರಯ ಹೋಯಿತು. ಜೊತೆಗೆ ಸಿಗಂದೂರು ದೇವಸ್ಥಾನಕ್ಕೆ ಬರುವ ಕಾರುಗಳೂ ಜಾಸ್ತಿ ಆಗಿವೆ, ಹಾಗಾಗಿ ರೂಮು ಮೊದಲೇ ಹೇಳಿಟ್ಟುಕೊಳ್ಳಿ.

ಹಿನ್ನೀರಿನ ಒಂದಿಷ್ಟು ದಡ ಶರಾವತಿ ಕಣಿವೆ ಅಭಯಾರಣ್ಯದೊಳಗೆ ಬರುತ್ತದೆ. ಎಲ್ಲಿಂದ ಎಲ್ಲಿಗೆ ಅಂತ ಹೋಂಸ್ಟೇಯವರಿಗೆ, ಊರಿನವರಿಗೆ ಗೊತ್ತಿರುತ್ತದೆ. ಕೇಳಿ. ದಡದಲ್ಲಿ ಟೆಂಟ್ ಹಾಕುವ ಆಸೆ ಇದ್ದರಂತೂ ಎರಡು ಸಲ ಕೇಳಿ. ತೆಪ್ಪ ಹತ್ತುವುದಾದರೆ ಲೈಫ್ ಜಾಕೆಟ್ ಇಲ್ಲದೆ ಹತ್ತಬೇಡಿ, ಈಜು ಬಂದರೂ ಅಷ್ಟೆ. ನೀರಿನ ಕೆಳಗೆ ಬೊಡ್ಡೆಗಳಿರುವ ಜಾಗದಲ್ಲಿ ಈಜು ಹೆಚ್ಚು ಸಹಾಯಕ್ಕೆ ಬರುವುದಿಲ್ಲ.

ಇನ್ನೊಂದು ವಿಷಯ ಬೆಂಗಳೂರಿಂದ ಬರುವವರಿಗೆ ಯಾರೂ ಹೇಳುವುದಿಲ್ಲ: ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ರೋಗ ಇದು. ಉಣುಗು ಕಚ್ಚಿ ಬರುತ್ತದೆ. ಡಿಸೆಂಬರಿನಿಂದ ಮೇ ತನಕ ಅದರ ಕಾಟ. ಗಾಳದವರಿಗೆ ಇಷ್ಟವಾದ ತಿಂಗಳುಗಳೂ ಅವೇ ನೋಡಿ. ಒಣಗಿದ ಎಲೆಯ ದರಗಿನ ಮೇಲೆ ಚಾಪೆ ಹಾಕಿ ಮಲಗಬೇಡಿ. ಉದ್ದ ತೋಳಿನ ಅಂಗಿ, ಪ್ಯಾಂಟಿನ ತುದಿ ಸಾಕ್ಸ್ ಒಳಗೆ. ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಸಿಕ್ಕರೆ ಹಚ್ಚಿಕೊಳ್ಳಿ. ಮನೆಗೆ ಬಂದ ಕೂಡಲೇ ಬಿಸಿನೀರು ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಸುತ್ತಮುತ್ತ ಮಂಗ ಸತ್ತಿದೆ ಅಂತ ಸುದ್ದಿ ಇದ್ದರೆ ಆ ವಾರ ಆ ಕಡೆ ಬೇಡ. ಮಳೆಗಾಲದ ಉಂಬಳ ಇದರ ಮುಂದೆ ಏನೂ ಅಲ್ಲ, ರಕ್ತ ಕುಡಿದು ತಾನೇ ಬಿದ್ದು ಹೋಗುತ್ತದೆ.

ಭದ್ರೆ, ಮತ್ತು ಘಟ್ಟದ ಹಳ್ಳಗಳು

ಭದ್ರಾ ಜಲಾಶಯ 71.5 ಟಿಎಂಸಿ, ಒಳ್ಳೆಯ ನೀರು, ಶಿವಮೊಗ್ಗಕ್ಕೆ ಹತ್ತಿರ. ಆದರೆ ಲಕ್ಕವಳ್ಳಿಯಿಂದ ಮೇಲಿನ ದಡದ ದೊಡ್ಡ ಭಾಗ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದ್ದು. ಅಲ್ಲಿ ಗಾಳದ ಮಾತೇ ಇಲ್ಲ. ರಿವರ್ ಟರ್ನ್ ಹಕ್ಕಿ ನೋಡಲು ಹೋಗಿ, ದುರ್ಬೀನು ತಗೊಂಡು ಹೋಗಿ, ಗಾಳ ಮನೆಯಲ್ಲಿಡಿ. ಗುಂಪಿನಲ್ಲಿ ಅರ್ಧ ಜನಕ್ಕೆ ಮೀನು ಬೇಡ ಅಂದಾಗ ನಾನು ಹೇಳುವುದು ಈ ಜಾಗ.

ತೀರ್ಥಹಳ್ಳಿ, ಹೊಸನಗರದ ಸಣ್ಣ ಹಳ್ಳಗಳು ನೆಂಟರ ಮನೆ ಇದ್ದವರಿಗೆ. ಸಿಗುವುದು ಬೆರಳುದ್ದದ ಮೀನು, ಕಲ್ಲಡಿಯ ಏಡಿ. ಮಕ್ಕಳಿಗೆ ಇದಕ್ಕಿಂತ ಖುಷಿ ಬೇರೆ ಇಲ್ಲ. ಶೃಂಗೇರಿಯ ಮಠದ ಹತ್ತಿರ, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆಯಲ್ಲಿ ದೊಡ್ಡ ದೊಡ್ಡ ಮಹಶೀರ್ ಕಂಡು ಕೈ ತುರಿಸಬಹುದು. ಅವು ದೇವರ ಮೀನು, ಮತ್ಸ್ಯಧಾಮದ ಮೀನು. ಮಂಡಕ್ಕಿ ಹಾಕಿ ನೋಡಿ ಬನ್ನಿ.

ಕೋಲು ಯಾವುದು?

ಕೆರೆಗೂ ಹಳ್ಳಕ್ಕೂ ವಾಟೆ ಕೋಲು (ತೆಳು ಬಿದಿರಿನ ಜಾತಿ) ಸಾಕು. ಹದವಾಗಿ ಒಣಗಿದ್ದಾದರೆ ಒಂದು ಕೆಜಿ ಮೀನಿಗೆ ಬಗ್ಗುತ್ತದೆ, ಮುರಿಯುವುದಿಲ್ಲ. ಅದರ ತುದಿಯಲ್ಲಿ ಸಣ್ಣ ಮೀನು ಕಚ್ಚಿದರೂ ಕೈಗೆ ಗೊತ್ತಾಗುತ್ತದೆ. ರೀಲ್ ಇರುವ ರಾಡ್ ಬೇಕಾಗುವುದು ಹಿನ್ನೀರಿನಲ್ಲಿ, ದೂರ ಎಸೆಯಬೇಕಾದಾಗ, ಮತ್ತೆ ಕೊರವದ ಬೆನ್ನು ಬಿದ್ದಾಗ. ಮೊದಲನೆಯ ರಾಡಿಗೆ ಸಾವಿರ, ಎರಡು ಸಾವಿರಕ್ಕಿಂತ ಜಾಸ್ತಿ ಸುರಿಯಬೇಡಿ. ಉಳಿದ ದುಡ್ಡಿಗೆ ಒಳ್ಳೆಯ ದಾರ, ಒಳ್ಳೆಯ ಗಾಳ ತಗೊಳ್ಳಿ. ಮೀನು ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಗಂಟಿನಲ್ಲಿ, ರಾಡಿನಲ್ಲಲ್ಲ. ಆನ್‌ಲೈನಿನಲ್ಲಿ ಸಿಗುವ ನೂರು ಬಣ್ಣದ ಪ್ಲಾಸ್ಟಿಕ್ ಮೀನುಗಳು ಹೆಚ್ಚಿನ ಪಾಲು ಮನುಷ್ಯನನ್ನು ಹಿಡಿಯಲು ಮಾಡಿದವು.

ಹೊಳೆ, ಜಲಾಶಯಗಳಿಗೆ ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಬೇಕು. ತಾಲೂಕಿನ ಇಲಾಖೆ ಕಚೇರಿಯಲ್ಲಿ ಕೇಳಿ ಮಾಡಿಸಿಕೊಂಡರೆ ದಡದಲ್ಲಿ ಯಾರ ಜೊತೆಗೂ ವಾದವಿಲ್ಲ.

ಮಳೆಗಾಲದ ವಾರಗಳು

ಜೂನಿನ ಮೊದಲ ಜೋರು ಮಳೆಗೆ ಮೀನು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರುತ್ತದೆ. ಹತ್ತುಮೀನು. ಮಲೆನಾಡಿನಲ್ಲಿ ಹುಟ್ಟಿದವರಿಗೆ ಆ ರಾತ್ರಿ ಟಾರ್ಚು ಹಿಡಿದು ಹೊರಡುವ ಹುಮ್ಮಸ್ಸು ರಕ್ತದಲ್ಲೇ ಇದೆ. ಮೀನು ಬೀಳುವ ಬುಟ್ಟಿಯಂಥ ಕೂಣಿ ಕಟ್ಟುವವರು, ಕತ್ತಿ ಹಿಡಿದು ನಿಲ್ಲುವವರು, ಎಲ್ಲರೂ ಇರುತ್ತಾರೆ. ಆದರೆ ಏರುವ ಮೀನು ಮೊಟ್ಟೆ ಇಡಲು ಹೊರಟದ್ದು. ಮನೆಯ ಮಟ್ಟಿಗೆ ನಾಲ್ಕು ಹಿಡಿಯುತ್ತಿದ್ದ ಕಾಲದಲ್ಲಿ ಅದು ನಡೆಯುತ್ತಿತ್ತು. ಈಗ ಚೀಲಗಟ್ಟಲೆ ಎತ್ತಿ ಮಾರುತ್ತಾರೆ. ಹೊಳೆಯಲ್ಲಿ ಮೀನಿಲ್ಲ ಅಂತ ಜನವರಿಯಲ್ಲಿ ಗೊಣಗುವವರೂ ಅವರೇ. ಸಂತಾನದ ಕಾಲಕ್ಕೆ ಇಲಾಖೆ ಮೀನುಗಾರಿಕೆ ನಿಷೇಧ ಮಾಡುವುದು ಇದೇ ಕಾರಣಕ್ಕೆ. ಆ ವಾರಗಳಲ್ಲಿ ರೀಲಿಗೆ ಎಣ್ಣೆ ಬಿಡಿ, ತುಕ್ಕು ಹಿಡಿದ ಗಾಳ ಎಸೆಯಿರಿ, ಮಾರ್ಕೆಟ್ಟಿಂದ ಬಂಗುಡೆ ತನ್ನಿ. ಕಡುಬಿಗೆ ಅದೂ ಚೆನ್ನಾಗಿಯೇ ಹೊಂದುತ್ತದೆ.

ಮಳೆ ಹಿಡಿತಕ್ಕೆ ಬಂದು ಕೆರೆ ನೀರು ತಿಳಿಯಾದ ಮೇಲೆ ಮೊದಲು ಕೆರೆಗೇ ಹೋಗಿ. ಆದರೆ ಗುತ್ತಿಗೆಯವರು ಆಗಷ್ಟೇ ಬೆರಳುದ್ದದ ಮರಿ ಬಿಟ್ಟಿರುತ್ತಾರೆ. ಸಣ್ಣ ಗಾಳ ಹಾಕಿದರೆ ಅವೇ ಸಾಲಾಗಿ ಬಂದು ಸಿಕ್ಕಿಹಾಕಿಕೊಳ್ಳುತ್ತವೆ. ಅಕ್ಟೋಬರ್ ಮುಗಿಯುವ ತನಕ ದೊಡ್ಡ ಗಾಳವನ್ನೇ ಕಟ್ಟಿ, ಅದರ ಒಳಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಲಗಿಸಿ. ಆಗ ಮರಿ ಸಿಕ್ಕರೂ ನೀರಿನಿಂದ ಪೂರ್ತಿ ಎತ್ತದೆಯೇ ಬಿಡಿಸಬಹುದು.